ಇಂದಿರಾನಗರದಲ್ಲಿ ಕ್ರಾಫ್ಟು, ಹುಮನಾಬಾದಿನಲ್ಲಿ ಕೇಸು

ಒಂದು ಪದದ ಮೇಲೆ ನನಗೆ ತಕರಾರಿದೆ. ಆ ಪದ ಕ್ರಾಫ್ಟ್. ಬಿಯರ್ ಮೇಲೆ ತಕರಾರಿಲ್ಲ, ನಾನೂ ಕುಡೀತೀನಿ, ಶುಕ್ರವಾರ ಸಂಜೆಯ ಬಿಲ್ಲನ್ನು ಐದು ಜನ ಯುಪಿಐನಲ್ಲಿ ಹಂಚಿಕೊಂಡು ಕಟ್ಟೋರಲ್ಲಿ ನಾನೂ ಒಬ್ಬ. ಆ ಪದವನ್ನು ಯಾರಿಗೆ ಕೊಡ್ತೀವಿ, ಯಾರಿಗೆ ಕೊಡಲ್ಲ ಅನ್ನೋದು ನನ್ನ ಜಗಳ. ಕೈಯಾರೆ, ಸ್ವಲ್ಪ ಸ್ವಲ್ಪವೇ ತಯಾರಿಸಿ, ತಾಜಾ ಇರುವಾಗಲೇ, ಮಾಡಿದ ಜಾಗದಲ್ಲೇ ಮಾರುವವನು ಇಂದಿರಾನಗರದಲ್ಲಿದ್ದರೆ ಅವನು ಬ್ರೂಮಾಸ್ಟರ್. ಅದೇ ಕೆಲಸ ಮಾಡುವವನು ಬೀದರ್ ಜಿಲ್ಲೆಯ ಹಳ್ಳಿಯಲ್ಲಿದ್ದರೆ ಅವನು ಆರೋಪಿ.

ಈ ಜಗಳ ಶುರುವಾಗಿದ್ದು ಒಂದು ಆಫೀಸ್ ಟ್ರಿಪ್ಪಿನಲ್ಲಿ. ಪುಣೆಯಲ್ಲಿ ಎರಡು ದಿನದ ಕೆಲಸ, ಅಲ್ಲಿಂದ ಹೈದರಾಬಾದಿಗೆ ಹೋಗಿ ಕ್ಲೈಂಟ್ ಮೀಟಿಂಗು. ಟೀಮಿನಲ್ಲೊಬ್ಬ ಎರಡೂ ಊರಿನ ಬ್ರೂವರಿಗಳ ಸ್ಪ್ರೆಡ್‌ಶೀಟ್ ಮಾಡಿದ್ದ: ಯಾವ ಸಂಜೆ ಎಲ್ಲಿ, ಏನು ಕುಡಿಯಬೇಕು, ರೇಟಿಂಗ್ ಎಷ್ಟು. ಪುಣೆಯ ಎರಡು ಬ್ರೂವರಿ ಮುಗಿದವು. ಎರಡನೆಯದರಲ್ಲಿ ಗಾಜಿನ ಗೋಡೆಯ ಆಚೆ ಫಳಫಳ ಹೊಳೆಯುವ ಸ್ಟೀಲ್ ಟ್ಯಾಂಕುಗಳನ್ನು ತೋರಿಸುತ್ತಾ ಅಲ್ಲಿಯವರು ಯೀಸ್ಟ್ ಬಗ್ಗೆ ಹತ್ತು ನಿಮಿಷ ಹೇಳಿದರು, ನಾವೆಲ್ಲ ತಲೆಯಾಡಿಸಿದೆವು. ಆಮೇಲೆ ಮಳೆ ಹಿಡಿಯಿತು. ಫ್ಲೈಟ್ ರದ್ದಾಯಿತು, ಇನ್ನೋವಾ ಹಿಡಿದು ಪುಣೆ–ಹೈದರಾಬಾದ್ ಹೆದ್ದಾರಿಗೆ ಬಿದ್ದೆವು. ಉಮರ್ಗಾ ದಾಟಿ ಕರ್ನಾಟಕಕ್ಕೆ ಬಂದೆವು, ಹುಮನಾಬಾದ್ ಮುಟ್ಟುವಷ್ಟರಲ್ಲಿ ಮುಂದೆ ರಸ್ತೆ ಮೇಲೆ ನೀರು ಹರೀತಿದೆ ಅಂತ ಲಾರಿಯವರು ಹೇಳಿದರು. ಲಾಡ್ಜ್ ಹಿಡಿದು ಕೂತೆವು. ಒಂದೂವರೆ ದಿನ.

ಸ್ಪ್ರೆಡ್‌ಶೀಟ್ ಗೆಳೆಯ ಫೋನ್ ತೆಗೆದು ಮ್ಯಾಪಿನಲ್ಲಿ ಹುಡುಕಿದ. ಹತ್ತಿರದ ಬ್ರೂವರಿ ಅಂತ ಅದು ತೋರಿಸಿದ್ದು ಹೈದರಾಬಾದಿನದು, ನೂರೈವತ್ತು ಕಿಲೋಮೀಟರ್ ಆಚೆ. ಫೋನನ್ನು ಮಂಚದ ಮೇಲೆ ಎಸೆದು, 'ಈ ಕಡೆ ಡ್ರಿಂಕಿಂಗ್ ಕಲ್ಚರೇ ಇಲ್ಲ ಮಗಾ, ಬರೀ ಕುಡುಕರಿದ್ದಾರೆ' ಅಂದ. ನಾನು ಬೆಳೆದದ್ದು ಇದೇ ಹೆದ್ದಾರಿಯ ಮಗ್ಗುಲಿನ ಹಳ್ಳಿಯಲ್ಲಿ ಅಂತ ಅವನಿಗೆ ಗೊತ್ತಿತ್ತು, ಅದಕ್ಕೇ ತಮಾಷೆಗೆ ಅಂದ. ಆದರೆ ಇದು ಅವನೊಬ್ಬನ ಮಾತಲ್ಲ. ನಗರದವರು ಕುಡಿದರೆ ಸಂಸ್ಕೃತಿ, ಹಳ್ಳಿಯವರು ಕುಡಿದರೆ ಚಟ ಅಂತ ನಮ್ಮ ಸರ್ಕಾರದ ನೀತಿಯೇ ಹೇಳುತ್ತೆ.

ಸೇಂದಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹಳೇ ಮೈಸೂರಿನವರು ಹೆಂಡ ಅಂತಾರೆ, ಕರಾವಳಿಯವರು ಕಳ್ಳು ಅಂತಾರೆ, ಬೀದರ್–ಕಲಬುರಗಿ–ರಾಯಚೂರಿನ ಕಡೆ ಸೇಂದಿ. ಈಚಲು ಮರದ ರಸ. ಚಳಿ ಶುರುವಾಗೋ ಹೊತ್ತಿಗೆ ಮರ ಏರಿ, ತಲೆಯ ಹತ್ತಿರದ ಗರಿ ಸವರಿ, ಎಳೆಯ ಕಾಂಡವನ್ನು ತೆಳ್ಳಗೆ ಕೆತ್ತಿ, ಸಂಜೆ ಮಡಕೆ ಕಟ್ಟಿ ಬರ್ತಾರೆ. ಕೆತ್ತೋದು ಜಾಸ್ತಿ ಆಳವಾದರೆ ಮರ ಸಾಯುತ್ತೆ, ಕಡಿಮೆಯಾದರೆ ರಸ ಇಳಿಯಲ್ಲ. ಮಡಕೆಯ ಒಳಗೆ ಸುಣ್ಣ ಬಳಿದರೆ ರಸ ಹುಳಿಯಾಗಲ್ಲ, ಅದು ನೀರಾ. ಸುಣ್ಣ ಇಲ್ಲದಿದ್ದರೆ ಗಾಳಿಯಲ್ಲಿ, ಮಡಕೆಯಲ್ಲಿ ಇರೋ ಯೀಸ್ಟ್ ತಾನಾಗೇ ಕೆಲಸ ಶುರುಮಾಡುತ್ತೆ. ಬೆಳಗ್ಗೆ ಸಿಹಿ, ಮಧ್ಯಾಹ್ನಕ್ಕೆ ಹದ, ಸಂಜೆಗೆ ಹುಳಿ, ಮಾರನೇ ದಿನಕ್ಕೆ ವಿನೆಗರ್. ಅಮಲು ಹೆಚ್ಚುಕಮ್ಮಿ ಬಿಯರಿನಷ್ಟೇ. ಪುಣೆಯಲ್ಲಿ ಹತ್ತು ನಿಮಿಷ ಪಾಠ ಕೇಳಿದೆವಲ್ಲ, ಏಲ್ ಬಿಯರ್ ಹುದುಗಿಸೋ ಆ ಯೀಸ್ಟ್ ಜಾತಿಯೇ ಈ ಮಡಕೆಯಲ್ಲೂ ಇರುತ್ತೆ.

ಬಿಯರ್ ಬಗ್ಗೆ ಓದಿಕೊಂಡವರು ಬೆಲ್ಜಿಯಂನ ಲ್ಯಾಂಬಿಕ್ ಹೆಸರು ಕೇಳಿದರೆ ಕೈಮುಗಿಯುತ್ತಾರೆ. ಬ್ರಸೆಲ್ಸ್ ಸುತ್ತಮುತ್ತ ಮಾಡುವ ಬಿಯರ್ ಅದು. ಅದರ ಹೆಚ್ಚುಗಾರಿಕೆ ಏನು? ಲ್ಯಾಬಿನಲ್ಲಿ ಬೆಳೆಸಿದ ಯೀಸ್ಟ್ ಹಾಕದೆ, ಗಾಳಿಯಲ್ಲಿರೋ ಯೀಸ್ಟಿಗೆ ಬಿಟ್ಟು ಹುದುಗಿಸ್ತಾರೆ. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೋ 2016ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೇದೇ ಆಯ್ತು. ಆದರೆ ಗಾಳಿಯ ಯೀಸ್ಟಿಗೆ ಬಿಟ್ಟು ಹುದುಗಿಸೋ ಇದೇ ವಿದ್ಯೆ ನಮ್ಮ ಈಡಿಗರ, ಕಲಾಲರ ಮಡಕೆಯಲ್ಲೂ ಇತ್ತಲ್ಲ? ಅದಕ್ಕೆ ಸಿಕ್ಕ ಪಟ್ಟಿ ಅಬಕಾರಿ ಇಲಾಖೆಯ ಜಪ್ತಿ ಪಟ್ಟಿ.

ಈ ಜಿಲ್ಲೆಗಳಲ್ಲಿ ಸೇಂದಿ ನಿಂತು ಸುಮಾರು ಎರಡು ದಶಕ ಆಯ್ತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಸೇಂದಿ ಇಳಿಸೋದು ಅಪರಾಧ. ಲೈಸೆನ್ಸ್ ತಗೊಳ್ಳಪ್ಪ ಅಂತೀರಾ? ಇಲ್ಲಿ ಲೈಸೆನ್ಸೇ ಕೊಡಲ್ಲ. ಇಷ್ಟಾದ ಮೇಲೂ ಇದು ಇಡೀ ರಾಜ್ಯದ ನೀತಿ ಅಂದುಕೊಂಡರೆ ತಪ್ಪು. ಮಂಗಳೂರು, ಉಡುಪಿ ಕಡೆ ಕಳ್ಳು ಕಾನೂನುಬದ್ಧ. ಅಲ್ಲಿ ಮೂರ್ತೆದಾರರ ಸಹಕಾರ ಸಂಘಗಳಿವೆ, ಬೋರ್ಡು ಹಾಕಿದ ಅಂಗಡಿಗಳಿವೆ. ಮೀನಿನ ಊಟದ ಜೊತೆ ಕಳ್ಳು ಕುಡಿದು ಫೋಟೋ ಹಾಕೋ ಬೆಂಗಳೂರಿನವರೂ ಇದ್ದಾರೆ. ಇತ್ತ ಹುಮನಾಬಾದಿನಿಂದ ಪೂರ್ವಕ್ಕೆ ಹೊರಟು ಮನ್ನಾಎಖೇಳಿ ದಾಟಿ ಜಹೀರಾಬಾದ್ ಕಡೆ ಹೋದರೆ ತೆಲಂಗಾಣ. ಅಲ್ಲಿ ಕಲ್ಲು ಇಳಿಸೋದು ಲೈಸೆನ್ಸ್ ಇರೋ ಕಸುಬು. ಹೈದರಾಬಾದ್ ನಗರದಲ್ಲಿ 2004ರಿಂದ ಮುಚ್ಚಿದ್ದ ಕಲ್ಲಂಗಡಿಗಳನ್ನು ತೆಲಂಗಾಣ ರಾಜ್ಯ ಆದ ವರ್ಷವೇ, 2014ರಲ್ಲಿ, ಮತ್ತೆ ತೆರೆದರು. 2023ರಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ಸರ್ಕಾರವೇ ನೀರಾ ಕೆಫೆ ಕಟ್ಟಿಸಿತು. ಮರದಿಂದ ಬಿದ್ದು ಸಾಯೋದು ತಪ್ಪಲಿ ಅಂತ 2024ರಲ್ಲಿ ಕಾಟಮಯ್ಯ ರಕ್ಷಾ ಕವಚ ಅನ್ನೋ ಹೆಸರಿನಲ್ಲಿ ಮರ ಹತ್ತೋ ಸೇಫ್ಟಿ ಕಿಟ್ ಕೊಡೋಕೆ ಶುರುಮಾಡಿತು. ಮೊದಲು ಇವೆಲ್ಲ ಒಂದೇ ನಿಜಾಮನ ಸೀಮೆ. ಒಂದೇ ಮರ, ಒಂದೇ ಕಸುಬು, ಎಷ್ಟೋ ಮನೆತನಗಳಲ್ಲಿ ಬೀಗರೂ ಆಚೀಚೆಯವರೇ. 1956ರಲ್ಲಿ ಎಳೆದ ಗೆರೆಯ ಆ ಕಡೆ ಇದ್ದವನಿಗೆ ಸೇಫ್ಟಿ ಬೆಲ್ಟು, ಈ ಕಡೆ ಇದ್ದವನಿಗೆ ಸಮನ್ಸು.

ಸರ್ಕಾರಕ್ಕೆ ಪಕ್ಕದ ರಾಜ್ಯಗಳ ಕಡೆ ನೋಡಿ ಗೊತ್ತಿಲ್ಲ ಅಂತಲ್ಲ. 2024ರ ಆಗಸ್ಟ್‌ನಲ್ಲಿ ಕರ್ನಾಟಕ ದುಬಾರಿ ಮದ್ಯದ ಮೇಲಿನ ಸುಂಕ ಇಳಿಸಿತು. ಪಕ್ಕದ ರಾಜ್ಯಗಳಲ್ಲಿ ರೇಟು ಕಡಿಮೆ ಇದೆ, ನಾವೂ ಸರಿಹೊಂದಿಸಬೇಕು ಅನ್ನೋದು ಕೊಟ್ಟ ಕಾರಣ. ಸ್ಕಾಚ್ ವಿಷಯಕ್ಕೆ ಬಂದರೆ ಪಕ್ಕದ ರಾಜ್ಯ ಕಾಣುತ್ತೆ, ಸೇಂದಿ ವಿಷಯಕ್ಕೆ ಬಂದರೆ ಕಾಣಲ್ಲ.

ಬಿಯರ್ ವಿಷಯದಲ್ಲಂತೂ ಸರ್ಕಾರ ಎಷ್ಟು ಬೇಗ ಬಗ್ಗುತ್ತೆ ಅಂತ ನೋಡಿ. ಪುಣೆಯಲ್ಲಿ 2009ರಲ್ಲಿ ಡೂಲಾಲಿ ಶುರುವಾಯಿತು, 2010–11ರ ಹೊತ್ತಿಗೆ ಬೆಂಗಳೂರಿನಲ್ಲಿ ಟಾಯ್ಟ್, ದಿ ಬಿಯರ್ ಕ್ಲಬ್ ಬಂದವು. ಈ ದೇಶಕ್ಕೆ ಮೈಕ್ರೋಬ್ರೂವರಿ ಅನ್ನೋದೇ ಹೊಸದು, ಅದಕ್ಕೆ ಬೇಕಾದ ನಿಯಮಗಳನ್ನು ರಾಜ್ಯಗಳು ಕೂತು ಬರೆದವು. ಕೋವಿಡ್ ಲಾಕ್‌ಡೌನ್ ಬಂದಾಗ ಬ್ರೂವರಿಗಳ ಟ್ಯಾಂಕಿನಲ್ಲಿ ಬಿಯರ್ ಉಳಿದುಹೋಯಿತು. ತಾಜಾ ಬಿಯರ್ ಕೆಡುತ್ತೆ, ಮಾಲೀಕರು ಕಷ್ಟ ಹೇಳಿಕೊಂಡರು. 2020ರ ಮೇ ತಿಂಗಳಲ್ಲೇ ಆದೇಶ ಬಂತು: ಒಬ್ಬರಿಗೆ ಎರಡು ಲೀಟರ್‌ವರೆಗೆ ಪಾರ್ಸೆಲ್ ಕೊಡಬಹುದು. ಆ ಆದೇಶ ಸರಿಯಾಗೇ ಇತ್ತು. ಕೆಲಸಗಾರರ ಸಂಬಳ ಉಳೀತು, ಮಾಡಿದ ಮಾಲು ಚರಂಡಿಗೆ ಹೋಗಲಿಲ್ಲ. ನನ್ನ ಪ್ರಶ್ನೆ ಒಂದೇ. ಕೆಡುವ ಪಾನೀಯ ಮಾಡೋ ಕಸುಬಿನವನ ಕಷ್ಟ ಕೆಲವೇ ವಾರಗಳಲ್ಲಿ ವಿಧಾನಸೌಧಕ್ಕೆ ಅರ್ಥವಾಗುತ್ತೆ ಅಂದ ಮೇಲೆ, ಇನ್ನೊಬ್ಬನದು ಇಪ್ಪತ್ತು ವರ್ಷವಾದರೂ ಯಾಕೆ ಅರ್ಥವಾಗಿಲ್ಲ? ಒಬ್ಬನಿಗೆ ವಕೀಲರಿದ್ದಾರೆ, ಸಂಘವಿದೆ, ಇಂಗ್ಲಿಷ್ ಪೇಪರಿನಲ್ಲಿ ಗೆಳೆಯರಿದ್ದಾರೆ. ಇನ್ನೊಬ್ಬನ ಹತ್ತಿರ ಒಂದು ಏಣಿ, ಒಂದು ಬಾಚಿ.

ಈಗ ನೀವು ಕೇಳೋ ಪ್ರಶ್ನೆಗೆ ಬರ್ತೀನಿ. ಸೇಂದಿ ನಿಂತಿದ್ದು ಕಲಬೆರಕೆಯಿಂದ ಅಲ್ವಾ? ಹೌದು. ಸಿ.ಎಚ್. ಪೌಡರ್ ಅಂತ ಈ ಭಾಗದಲ್ಲಿ ಕರೆಯೋ ಕ್ಲೋರಲ್ ಹೈಡ್ರೇಟ್ ಬೆರೆಸಿ ಮಾರುತ್ತಿದ್ದರು, ಅದು ಜನರ ನರಗಳನ್ನು ತಿಂದುಹಾಕಿತು. ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ನಾನು ಹೇಳಲ್ಲ. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಕಲ್ಲು ಕುಡಿದು ಹಲವರು ಸತ್ತರು. ಇದನ್ನು ಮುಚ್ಚಿಟ್ಟು ವಾದ ಮಾಡೋಕೆ ಆಗಲ್ಲ. ಆದರೆ ಕಲಬೆರಕೆ ಎಲ್ಲಿಂದ ಬರುತ್ತೆ ಅಂತ ಕೇಳಿ. ಒಂದು ಮರ ದಿನಕ್ಕೆ ಕೊಡೋದು ಕೆಲವೇ ಲೀಟರ್. ಗುತ್ತಿಗೆ ಹಿಡಿದವನು ಹಾಕಿದ ದುಡ್ಡು ತೆಗೀಬೇಕು ಅಂದರೆ ಮರ ಕೊಡೋದಕ್ಕಿಂತ ಎಷ್ಟೋ ಪಟ್ಟು ಮಾರಬೇಕು. ಆಗ ನೀರು ಬೆರೆಸ್ತಾನೆ, ನೀರು ಬೆರೆಸಿದ್ದು ಏರಲ್ಲ ಅಂತ ಪೌಡರ್ ಬೆರೆಸ್ತಾನೆ. ತಪ್ಪು ಗುತ್ತಿಗೆ ಪದ್ಧತಿಯದು, ಅದನ್ನು ಕಾಯಬೇಕಾದ ಇಲಾಖೆಯದು. ಶಿಕ್ಷೆ ಆದದ್ದು ಮರ ಏರೋನಿಗೆ. ನಿಷೇಧ ಆದ ಮೇಲಾದರೂ ಪೌಡರ್ ನಿಂತಿತಾ? ರಾಯಚೂರು ಕಡೆಯ ಜಿಲ್ಲಾ ಪುಟ ತೆಗೆದು ನೋಡಿ, ಕಲಬೆರಕೆ ಸೇಂದಿ ವಶ, ಸಿ.ಎಚ್. ಪೌಡರ್ ವಶ ಅಂತ ಇವತ್ತಿಗೂ ಸುದ್ದಿ ಬರುತ್ತಲೇ ಇರುತ್ತೆ. ಮರದ ಸೇಂದಿ ಹೋಯಿತು, ಮರ ಇಲ್ಲದ ಸೇಂದಿ ಉಳೀತು.

ನಿಷೇಧ ಮಾಡಿದರೆ ಜೀವ ಉಳಿಯುತ್ತೆ ಅನ್ನೋ ಲೆಕ್ಕವನ್ನು ಕರ್ನಾಟಕ ಒಮ್ಮೆ ನೋಡಿದೆ. 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯ್ತು. ಒಂದು ವರ್ಷ ತುಂಬುವ ಮೊದಲೇ, 2008ರ ಮೇನಲ್ಲಿ, ಬೆಂಗಳೂರು ಸುತ್ತಮುತ್ತ ಮತ್ತು ಗಡಿಯಾಚೆ ಹೊಸೂರು, ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು.

ಇನ್ನೊಂದು ಪ್ರಶ್ನೆ ಹೆಣ್ಣುಮಕ್ಕಳದು, ಇದು ಎಲ್ಲಕ್ಕಿಂತ ಭಾರವಾದದ್ದು. ಗಂಡ ಕುಡಿದು ಬಂದರೆ ಏಟು ತಿನ್ನೋಳು ಅವಳು, ಕೂಲಿ ದುಡ್ಡು ಹೋದರೆ ಒಲೆ ಉರಿಯದಿರೋದು ಅವಳ ಮನೇಲಿ. ಅವರ ಹೆಸರಿನಲ್ಲಿ ಸೇಂದಿ ಬೇಡ ಅನ್ನೋರಿಗೆ ನಾನು 2019ರ ಜನವರಿ ನೆನಪು ಮಾಡ್ತೀನಿ. ಪೂರ್ತಿ ಮದ್ಯ ನಿಷೇಧ ಬೇಕು ಅಂತ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ಬಂದವರು ಅವರಲ್ಲಿ ಬಹಳ ಜನ. ಅವರು ಬೈದಿದ್ದು ಮಡಕೆಯನ್ನಲ್ಲ, ಕಿರಾಣಿ ಅಂಗಡಿಯಲ್ಲಿ ಸಕ್ಕರೆ, ಚಹಾಪುಡಿ ಪಕ್ಕದಲ್ಲೇ ಸಿಗೋ 90 ಎಂಎಲ್ ಪ್ಯಾಕೆಟ್ಟನ್ನು. ಅವರಿಗೆ ಏನು ಸಿಕ್ಕಿತು? ಭರವಸೆ ಸಿಕ್ಕಿತು. 2025–26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಅಂದರೆ ಜನ ಕುಡಿಯೋದು ಸರ್ಕಾರಕ್ಕೆ ಸಮಸ್ಯೆ ಅಲ್ಲವೇ ಅಲ್ಲ. ಈಚಲು ಮರದಿಂದ ಬಂದರೆ ಆ ಗುರಿಗೆ ಹೆಚ್ಚು ಸೇರಲ್ಲ, ಕಾರ್ಖಾನೆಯಿಂದ ಬಂದರೆ ಸೇರುತ್ತೆ. ಶೇಕಡಾ ನಾಲ್ಕೈದು ಅಮಲಿನ ಸೇಂದಿ ಕುಡಿಯುತ್ತಿದ್ದ ಕೂಲಿಯವನ ಕೈಗೆ ಶೇಕಡಾ 42.8 ಅಮಲಿನ ಪ್ಯಾಕೆಟ್ ಕೊಟ್ಟು, ಇದು ಆರೋಗ್ಯದ ನೀತಿ ಅಂತ ಹೇಳೋಕೆ ಧೈರ್ಯ ಬೇಕು.

ಚರಿತ್ರೆಯಲ್ಲಿ ಒಂದು ತಮಾಷೆ ಇದೆ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿಯೋ ಸತ್ಯಾಗ್ರಹ ನಡೆಯಿತು, ಎಸ್. ನಿಜಲಿಂಗಪ್ಪನವರು ಮುಂದಾಳು. ಹೆಂಡದಿಂದ ಬರೋ ಆದಾಯ ಸರ್ಕಾರದ ಬೊಕ್ಕಸಕ್ಕೆ ಹೋಗಬಾರದು ಅನ್ನೋದು ಆಗಿನ ದೇಶಭಕ್ತಿ. ಇವತ್ತು ಅಬಕಾರಿ ಇಲ್ಲದೆ ಬಜೆಟ್ಟೇ ನಿಲ್ಲಲ್ಲ. ಮರ ಕಡಿದದ್ದು ಮಾತ್ರ ಉಳೀತು, ಬೊಕ್ಕಸದ ಮಾತು ಮರೆತುಹೋಯ್ತು.

ನೀರು ಇಳಿಯದೆ ಇದ್ದಾಗ ನಾವು ಮಾರನೇ ದಿನ ಗಾಡಿ ತಿರುಗಿಸಿ ಬಸವಕಲ್ಯಾಣಕ್ಕೆ ಹೋದೆವು. ಮಳೆಯಲ್ಲೇ ತ್ರಿಪುರಾಂತ ಕೆರೆ ನೋಡಿದೆವು. 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಹೊಸ ಅನುಭವ ಮಂಟಪದ ಬಗ್ಗೆ ಡ್ರೈವರ್ ಹೆಮ್ಮೆಯಿಂದ ಹೇಳಿದ. ಪ್ರಪಂಚದ ಮೊದಲ ಸಂಸತ್ತು ಅಂತ ನಾವು ಭಾಷಣದಲ್ಲಿ ಹೇಳ್ತೀವಲ್ಲ, ಆ ಕಲ್ಯಾಣ ಇದು. ಇಲ್ಲಿ ಹನ್ನೆರಡನೇ ಶತಮಾನದಲ್ಲಿ ದೋಣಿ ನಡೆಸೋ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯೋ ಮಡಿವಾಳ ಮಾಚಿದೇವ, ಹಗ್ಗ ಹೊಸೆಯೋ ನುಲಿಯ ಚಂದಯ್ಯ ಇದ್ದರು. ಶರಣರ ಆ ಸಾಲಿನಲ್ಲೇ ಹೆಂಡದ ಮಾರಯ್ಯ ಅಂತ ಒಬ್ಬರಿದ್ದಾರೆ. ಹೆಂಡ ಮಾರೋದು ಅವರ ಕಾಯಕ. ವಚನ ಬರೆದರು, ಅಂಕಿತ ಧರ್ಮೇಶ್ವರಲಿಂಗ. ಅವರೇನೂ ಕುಡಿತವನ್ನು ಹೊಗಳಿದವರಲ್ಲ. ತನ್ನ ಕಸುಬಿನ ಮಾತನ್ನೇ ಹಿಡಿದು ಒಳಗಿನ ಮದದ ಬಗ್ಗೆ ಮಾತಾಡಿದವರು. ಆದರೆ ನೀನು ಹೆಂಡ ಮಾರೋನು, ಹೊರಗೆ ನಿಲ್ಲು ಅಂತ ಕಲ್ಯಾಣ ಅವರಿಗೆ ಹೇಳಲಿಲ್ಲ. ಕೋಟಿಗಟ್ಟಲೆ ಖರ್ಚು ಮಾಡಿ ಅದೇ ಮಂಟಪವನ್ನು ಮತ್ತೆ ಕಟ್ಟುತ್ತಿರೋ ತಾಲ್ಲೂಕಿನಲ್ಲಿ ಇವತ್ತು ಆ ಕಾಯಕ ಮಾಡಿದರೆ ಕೇಸು ಬೀಳುತ್ತೆ. ಕಾಯಕವೇ ಕೈಲಾಸ ಅಂತ ಬ್ಯಾನರ್ ಹಾಕೋ ಮೊದಲು ಯಾವ ಯಾವ ಕಾಯಕ ಅಂತ ಪಟ್ಟಿ ಹಾಕಿದರೆ ಒಳ್ಳೇದು.

ನಮ್ಮೂರಲ್ಲಿ ಒಬ್ಬ ಕಾಕಾ ಇದ್ದ. ಯಾವ ಮರ ಯಾವ ವರ್ಷ ಕೆತ್ತಬಾರದು, ಯಾವುದಕ್ಕೆ ವಿಶ್ರಾಂತಿ ಬೇಕು ಅಂತ ತಲೆಯಲ್ಲೇ ಲೆಕ್ಕ ಇಟ್ಟಿದ್ದ. ಬರೆಯೋಕೆ ಬರ್ತಿರಲಿಲ್ಲ. ಸೇಂದಿ ನಿಂತ ಮೇಲೆ ಹೈದರಾಬಾದಿಗೆ ಹೋದ, ಈಗ ಹನ್ನೆರಡು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಒಮ್ಮೆ ಸಿಕ್ಕಾಗ, 'ಹೆಂಗಿದಿ ಕಾಕಾ, ಗಿಡ ಏರೂದು ಮರತಿ ಏನು?' ಅಂದೆ. 'ಏರೂದು ಬಿಟ್ಟಿಲ್ಲೋ ತಮ್ಮಾ, ಈಗ ಲಿಫ್ಟಿನ್ಯಾಗ ಏರ್ತೀನಿ' ಅಂದ. ನಕ್ಕೆವು. ಆದರೆ ಆ ಲೆಕ್ಕ ಅವನ ತಲೆಯಲ್ಲೇ ಉಳೀತು, ಅವನ ಮಗನಿಗೆ ಬರಲಿಲ್ಲ. ಮಗ ಮರ ಏರಲೇಬೇಕು ಅಂತ ನಾನು ಹೇಳ್ತಿಲ್ಲ. ಅವನು ಡಿಪ್ಲೊಮಾ ಮಾಡಿದ್ದಾನೆ, ಬೇರೆ ಕೆಲಸ ಮಾಡಲಿ. ಜಾತಿಗೊಂದು ಕಸುಬು ಅಂಟಿಸೋದು ನನಗೂ ಬೇಡ. ಆದರೆ ಕಸುಬು ಬಿಡೋದು ಬೇರೆ, ಬಿಡಿಸೋದು ಬೇರೆ. ನಾಳೆ ಬಿ.ಟೆಕ್ ಮಾಡಿದ ಯಾವ ಜಾತಿಯ ಹುಡುಗನಾದರೂ ಈಚಲು ತೋಪು ಹಾಕಿ, ಲ್ಯಾಬಿಟ್ಟು, ಒಳ್ಳೇ ಸೇಂದಿ ಇಳಿಸ್ತೀನಿ ಅಂದರೂ ಈ ಜಿಲ್ಲೆಯಲ್ಲಿ ಅವನಿಗೆ ದಾರಿಯಿಲ್ಲ. ಅದೇ ಹುಡುಗ ಜರ್ಮನಿಯಿಂದ ಹಾಪ್ಸ್ ತರಿಸಿ ಬೆಂಗಳೂರಿನಲ್ಲಿ ಟ್ಯಾಂಕ್ ಇಡ್ತೀನಿ ಅಂದರೆ ಸಾಲ ಕೊಡೋಕೆ ಬ್ಯಾಂಕಿನವರು ಮನೆಗೇ ಬರ್ತಾರೆ.

ಹಾಗಾದರೆ ಏನು ಮಾಡಬೇಕು? ಊರೂರಿಗೆ ಸೇಂದಿ ಅಂಗಡಿ ತೆರೀರಿ ಅಂತ ನಾನು ಕೇಳ್ತಿಲ್ಲ. ಮೈಕ್ರೋಬ್ರೂವರಿಗೆ ಬರೆದುಕೊಟ್ಟ ಯೋಚನೆಯನ್ನೇ ಇಲ್ಲಿಗೂ ಬರೀರಿ: ಮಾಡಿದ ಜಾಗದಲ್ಲೇ ಮಾರಾಟ, ದಿನಕ್ಕೆ ಇಂತಿಷ್ಟೇ, ಪರೀಕ್ಷೆ ಕಡ್ಡಾಯ. ಲೈಸೆನ್ಸ್ ಗುತ್ತಿಗೆದಾರನಿಗೆ ಬೇಡ, ಮರ ಏರೋರ ಸಹಕಾರ ಸಂಘಕ್ಕೆ ಕೊಡಿ, ಕರಾವಳಿಯಲ್ಲಿ ಅದರ ಮಾದರಿ ಇದೆ. ಪ್ರತಿ ಮರಕ್ಕೂ ನಂಬರ್ ಹಾಕಿ. ನೂರು ಮರ ಇರೋ ಸಂಘ ಸಾವಿರ ಮರದ ಸೇಂದಿ ಮಾರಿದರೆ ಅಲ್ಲೇ ಸಿಕ್ಕಿಬೀಳುತ್ತೆ, ಅದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ, ಒಂದು ಸ್ಪ್ರೆಡ್‌ಶೀಟ್ ಸಾಕು. ಅಂಗಡಿ ಬೇಕೋ ಬೇಡವೋ ಅಂತ ಊರಿನ ಹೆಂಗಸರು ಗ್ರಾಮಸಭೆಯಲ್ಲಿ ತೀರ್ಮಾನಿಸಲಿ, ಅವರು ಬೇಡ ಅಂದರೆ ಬೇಡ. ಆದರೆ ಅದೇ ಅಧಿಕಾರ ಕಿರಾಣಿ ಅಂಗಡಿಯ ಪ್ಯಾಕೆಟ್ ಮೇಲೂ ಇರಲಿ. ಇದು ಎಲ್ಲೂ ಆಗದ ಮಾತೇನಲ್ಲ. ಗೋವಾ ತನ್ನ ಫೆನ್ನಿಗೆ 2009ರಲ್ಲಿ ಜಿಐ ಟ್ಯಾಗ್ ತಂತು, 2016ರಲ್ಲಿ ಅದನ್ನು ಪಾರಂಪರಿಕ ಮದ್ಯ ಅಂತ ಕಾನೂನಿನಲ್ಲೇ ಬರೆಯಿತು. ಮಧ್ಯಪ್ರದೇಶ 2021ರಲ್ಲಿ ಆದಿವಾಸಿಗಳ ಮಹುವಾ ಮದ್ಯಕ್ಕೆ ಪರಂಪರೆಯ ಸ್ಥಾನ ಕೊಡೋದಾಗಿ ಘೋಷಿಸಿತು.

ಇನ್ನು ನಮ್ಮ ಪಾಲಿನ ಕೆಲಸ. ಮ್ಯಾಪಿನಲ್ಲಿ ಬ್ರೂವರಿ ತೋರಿಸಲಿಲ್ಲ ಅಂತ ಒಂದು ಊರಿಗೆ ಕಲ್ಚರ್ ಇಲ್ಲ ಅನ್ನೋ ಮೊದಲು, ಅಲ್ಲಿ ಇದ್ದದ್ದನ್ನು ಯಾರು ಅಳಿಸಿದರು ಅಂತ ಕೇಳೋಣ. ಟೇಬಲ್ಲಿಗೆ ಬರೋ ಮೆನುವಿನಲ್ಲಿ ಸ್ಮಾಲ್ ಬ್ಯಾಚ್, ಲೋಕಲ್, ವೈಲ್ಡ್ ಫರ್ಮೆಂಟೆಡ್ ಅಂತ ಓದುವಾಗ, ಈ ಮೂರೂ ಮಾತು ಪೂರ್ತಿ ಹೊಂದೋ ಪಾನೀಯ ನಮ್ಮದೇ ರಾಜ್ಯದ ಒಂದು ಮೂಲೆಯಲ್ಲಿ ಅಪರಾಧ ಅನ್ನೋದು ನೆನಪಿರಲಿ. ಮರ ಏರೋನಿಗೂ ಆ ಗೌರವ ಕೊಡಿಸೋಕೆ ಆದರೆ ಕ್ರಾಫ್ಟ್ ಅನ್ನೋ ಪದ ಇಟ್ಟುಕೊಳ್ಳಿ. ಆಗಲ್ಲ ಅಂದರೆ ಮೆನುವಿನಿಂದ ಅದನ್ನು ತೆಗೆದುಬಿಡಿ. ಬರೀ ಬಿಯರ್ ಅಂತ ಬರೀರಿ ಸಾಕು, ನಾವು ಕುಡೀತೀವಿ.